ಬಾನಿಯೊಳಗಿನ ಹೀರೆಬಳ್ಳಿ

ಎಲ್ಲ ಶುರುವಾದದ್ದು ಒಂದು ಕಹಿ ಹೀರೆಕಾಯಿಯಿಂದ. ಬೇಸಿಗೆ ಮುಗಿಯುತ್ತಾ ಬಂದಿತ್ತು. ಟಿ. ದಾಸರಹಳ್ಳಿಯ ರಸ್ತೆ ಬದಿಯ ಗಾಡಿಯಿಂದ ಒಂದು ಕೆಜಿ ಹೀರೆಕಾಯಿ ತಂದು, ಬೇಳೆ ಬೇಯಿಸಿ, ಕಾಯಿ ರುಬ್ಬಿ, ಭಾನುವಾರವೆಂದು ಮನಸ್ಸಿಟ್ಟು ಹುಳಿ ಮಾಡಿದ್ದೆ. ಮೊದಲ ತುತ್ತಿಗೇ ಬಾಯೆಲ್ಲ ಕಹಿ. ಪಾತ್ರೆಗೆ ಪಾತ್ರೆಯೇ ಚೆಲ್ಲಬೇಕಾಯಿತು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಹಸಿಯಾಗೇ ಉಳಿದಿದ್ದ ಎರಡು ಕಾಯಿ ಕೈಯಲ್ಲಿ ಹಿಡಿದು, ಆ ಗಾಡಿಯವನನ್ನು ವಿಚಾರಿಸಿಕೊಂಡೇ ಬರುತ್ತೇನೆಂದು ದಡದಡನೆ ಮೆಟ್ಟಿಲಿಳಿದೆ.

ಕೆಳಗೆ ಓನರ್ ಮನೆಯ ಹೊಸ್ತಿಲಲ್ಲಿ ಅಜ್ಜಿ ಕೂತಿದ್ದರು. ಓನರ್ ಅವರ ತಾಯಿ. ಮಂಡಿನೋವಿನಿಂದ ಹೆಚ್ಚು ಓಡಾಡುವಂತಿರಲಿಲ್ಲ; ದಿನವಿಡೀ ಅಲ್ಲೇ ಕೂತು ಹೋಗಿಬರುವವರನ್ನೆಲ್ಲ ವಿಚಾರಿಸುತ್ತಿದ್ದರು.

"ಎತ್ಲಾಗ್ ಒಂಟೆ ತಾಯಿ, ಕಾಯಿ ಇಡ್ಕೊಂಡು? ಯಾರ್ಗ್ ಒಡ್ಯಕ್ಕೆ?"

ನಾನು ಕಥೆ ಹೇಳಿದೆ. ಅಜ್ಜಿ ಒಂದು ಕಾಯಿ ಇಸಕೊಂಡು ಉಗುರಲ್ಲಿ ಕೆರೆದು, ನಾಲಿಗೆಗೆ ಮುಟ್ಟಿಸಿ, ಥೂ ಎಂದು ಉಗಿದರು. "ಇದು ಎಲ್ಲಿದೋ ಪಾಕೀಟು ಬೀಜದ್ದು. ನಮ್ಮನೆ ಈರೆ ಒಂದ್ ದಿನಾನೂ ಕಯ್ಯಾಗಿಲ್ಲ ಕಣವ್ವ."

"ಎಲ್ಲಿದೆ ಅಜ್ಜಿ ನಿಮ್ಮನೆ ಹೀರೆ?" ಎಂದೆ. ಕೇಳಿದ ಧಾಟಿ ಕೊಂಚ ಜೋರಾಗಿಯೇ ಇತ್ತು.

ಅಜ್ಜಿ ಗೋಡೆ ಹಿಡಿದು ಎದ್ದು ಒಳಗೆ ಹೋದರು. ಬಂದಾಗ ಕೈಯಲ್ಲಿ ಒಣಗಿ ಕಂದುಬಣ್ಣಕ್ಕೆ ತಿರುಗಿದ ಒಂದು ಹೀರೆಕಾಯಿ. ಗೇಣುದ್ದ, ದಪ್ಪ ಹೊಟ್ಟೆ. ಅಡುಗೆಮನೆಯಲ್ಲಿ ದಾರ ಕಟ್ಟಿ ನೇತುಹಾಕಿದ್ದರಂತೆ. ಅದನ್ನು ನನ್ನ ಕಿವಿಯ ಹತ್ತಿರ ತಂದು ಅಲ್ಲಾಡಿಸಿದರು. ಒಳಗೆ ಗಲಗಲ ಎಂದಿತು.

"ನಮ್ಮತ್ತೆ ತೌರಿಂದ ಸೆರಗಲ್ಲಿ ಕಟ್ಕೊಂಡ್ ಬಂದಿದ್ದ ಬೀಜ ಇದು. ವರ್ಸ ವರ್ಸ ಆಕ್ತಿದ್ವಿ, ವರ್ಸ ವರ್ಸ ಒಂದ್ ಕಾಯಿ ಬೀಜಕ್ ಬಿಡ್ತಿದ್ವಿ. ಇತ್ತಲಲ್ಲೂ ಬಾಡ್ಗೆ ಮನೆ ಎದ್ದೋಯ್ತು, ಆಕಾದೆಲ್ಲಿ? ನಾಕ್ ವರ್ಸ ಆತು. ಈ ಸಲ ಮಣ್ಗೆ ಬೀಳ್ದಿದ್ರೆ ಇನ್ನು ಉಟ್ಟಕಿಲ್ಲ. ನಮ್ಮನೆ ಈರೆ ಅಲ್ಲಿಗ್ ಮುಗೀತು."

ಈಗ ನಮ್ಮ ಬೀದಿ ಇರುವ ಜಾಗವೆಲ್ಲ ಒಂದು ಕಾಲಕ್ಕೆ ಅವರ ಹೊಲವಾಗಿತ್ತು. ಪಕ್ಕದ ಪೀಣ್ಯದ ಫ್ಯಾಕ್ಟರಿಗಳು ಬೆಳೆಯುತ್ತಾ ಬಂದ ಹಾಗೆ ಹೊಲ ಸೈಟಾಯಿತು, ಸೈಟು ಮನೆಗಳಾಯಿತು, ಬೇಸಾಯಗಾರರು ಓನರುಗಳಾದರು. ಇದೆಲ್ಲ ನನಗೆ ಗೊತ್ತಿದ್ದ ವಿಷಯವೇ. ಆದರೆ ಆ ಮನೆಯಲ್ಲಿ ಉಳಿದಿರುವ ಬೇಸಾಯವೆಂದರೆ ಈ ಒಂದು ಒಣಗಿದ ಕಾಯಿ ಮಾತ್ರ ಎನ್ನುವುದು ಅವತ್ತೇ ತಿಳಿದದ್ದು. ಗಾಡಿಯವನ ಮೇಲಿನ ಕೋಪ ಎತ್ತ ಹೋಯಿತೋ ಕಾಣೆ.

"ತಾರಸಿ ಖಾಲಿ ಬಿದ್ದಿದೆಯಲ್ಲ ಅಜ್ಜಿ. ಕೊಡಿ, ನಾನ್ ಹಾಕ್ತೀನಿ" ಎಂದುಬಿಟ್ಟೆ.

ಎಂದುಬಿಟ್ಟೆ, ಅಷ್ಟೆ. ನಾನು ಹುಟ್ಟಿದ್ದೇ ದಾಸರಹಳ್ಳಿಯ ಒಂದು ವಠಾರದಲ್ಲಿ. ಕೊತ್ತಂಬರಿ ಸೊಪ್ಪನ್ನು ಕೂಡ ಬೆಳೆದು ಗೊತ್ತಿರಲಿಲ್ಲ. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಕಾಯಿಯ ತುದಿಯ ಮುಚ್ಚಳ ತೆಗೆದು, ಬೀಜಗಳನ್ನು ಒಂದು ಚೆಂಬು ನೀರಿಗೆ ಹಾಕಿದರು. ಟೊಳ್ಳು ಬೀಜಗಳೆಲ್ಲ ತೇಲಿದವು. ಮುಳುಗಿದವು ಹನ್ನೊಂದು. ಆರನ್ನು ನನ್ನ ಅಂಗೈಯಲ್ಲಿಟ್ಟು ಐದನ್ನು ತಾವಿಟ್ಟುಕೊಂಡರು. "ರೋಣಿ ಮಳೆ ಉಟ್ಟೈತೆ. ಇವತ್ತೋ ನಾಳೆನೋ ಆಕು" ಎಂದರು.

ನನಗೆ ನಾಳೆ ಎನ್ನುವುದು ಯಾವತ್ತೂ ಹಿಡಿಸಿದ್ದಿಲ್ಲ. ಮೇಲಕ್ಕೆ ಓಡಿ ಬಂದು ನಮ್ಮ ಯಜಮಾನರನ್ನು ಎಬ್ಬಿಸಿದೆ. ಊಟ ಕೆಟ್ಟ ಬೇಸರಕ್ಕೆ ಮೊಸರನ್ನ ತಿಂದು ಮಲಗಿದ್ದರು.

"ರೀ, ಏಳಿ. ಮಣ್ಣು ಬೇಕು, ಗೊಬ್ಬರ ಬೇಕು, ಹಾಕೋಕೆ ಏನಾದ್ರೂ ದೊಡ್ಡದು ಬೇಕು. ಇವತ್ತೇ ಬೇಕು."

ನನ್ನನ್ನು ಕಟ್ಟಿಕೊಂಡು ಆರೇಳು ವರ್ಷವಾಗಿದ್ದರಿಂದ ಅವರು ಯಾಕೆ ಎಂದು ಕೇಳಲಿಲ್ಲ. ಬೈಕ್ ತೆಗೆದುಕೊಂಡು ಮಾಕಳಿಯ ಕಡೆ ಹೋಗಿ, ಅಲ್ಲಿ ಇನ್ನೂ ದನ ಕಟ್ಟಿಕೊಂಡಿದ್ದ ಒಬ್ಬರ ತೋಟದಿಂದ ಒಂದು ಚೀಲ ಕೆಮ್ಮಣ್ಣು, ಅರ್ಧ ಚೀಲ ಒಣಗಿದ ಸಗಣಿ ಗೊಬ್ಬರ ತಂದರು. ಎರಡು ಸಲ ಹೋಗಿ ಬಂದರು. ಬರುವಾಗ ತಾವು ಕೆಲಸ ಮಾಡುವ ಶೆಡ್ಡಿಗೂ ಹೋಗಿ, ಮೂಲೆಯಲ್ಲಿ ಬಿದ್ದಿದ್ದ ಮೂರು ದೊಡ್ಡ ಪ್ಲಾಸ್ಟಿಕ್ ಕ್ಯಾನು ಕೇಳಿಕೊಂಡು ತಂದರು. ಅವರು ಲೇತ್ ಆಪರೇಟರ್. ಕಬ್ಬಿಣ ಕೊರೆಯುವಾಗ ಬಿಸಿಯಾಗದಿರಲೆಂದು ಮಿಷಿನ್ನಿಗೆ ಬಿಡುವ ಎಣ್ಣೆ ಆ ಕ್ಯಾನುಗಳಲ್ಲಿ ಬರುತ್ತಿತ್ತು. ತಲೆ ಕುಯ್ದು, ಸೋಪಿನ ಪುಡಿ ಹಾಕಿ ಉಜ್ಜಿ, ತಳಕ್ಕೆ ತೂತು ಹೊಡೆದು, ಸಂಜೆಯೊಳಗೆ ಮಣ್ಣು ತುಂಬಿದ್ದಾಯಿತು. ಕ್ಯಾನಿಗೆ ಎರಡರಂತೆ ಬೀಜ ಊರಿದೆ. ಆ ರಾತ್ರಿ ಮಳೆಯೂ ಬಂತು. ನನಗೋ ಹಾಲು ಕುಡಿದಷ್ಟು ಸಂತೋಷ.

ಮಾರನೇ ದಿನದಿಂದ ನನ್ನ ಕಾಲು ನೆಲದ ಮೇಲಿರಲಿಲ್ಲ. ಬೆಳಗ್ಗೆ ಎದ್ದು ಮುಖಕ್ಕೆ ನೀರು ಹಾಕುವ ಮುಂಚೆ ತಾರಸಿ. ಡಬ್ಬಿ ಕಟ್ಟಿದ ಮೇಲೆ ಇನ್ನೊಂದು ಸಲ ತಾರಸಿ. ಕೆಲಸದಿಂದ ಬಂದು ಚಪ್ಪಲಿಯನ್ನೂ ಬಿಡದೆ ತಾರಸಿ. ಮೂರನೇ ದಿನ ತಡೆಯಲಾಗದೆ ಒಂದು ಬೀಜದ ಮೇಲಿನ ಮಣ್ಣನ್ನು ಬೆರಳಲ್ಲಿ ಸರಿಸಿಯೂ ನೋಡಿದೆ. ಸಾಯಂಕಾಲ ಅಜ್ಜಿಗೆ ಹೇಳಿದರೆ, "ಬಸ್ರಿ ಒಟ್ಟೆ ಬಗ್ದು ನೋಡ್ತಾರೇನವ್ವ, ಕೂಸು ಎಷ್ಟ್ ಆಗೈತೆ ಅಂತ? ಆತ್ರಗೇಡಿ" ಎಂದು ನಕ್ಕರು.

ಆರನೇ ದಿನ ಬೆಳಗ್ಗೆ ಮೊಳಕೆ ಬಂತು. ಮಣ್ಣು ಒಂದು ಕಡೆ ಬಿರುಕು ಬಿಟ್ಟಿತ್ತು. ಒಳಗಿಂದ ಬಿಳಿ ಹಸಿರಿನ ಕತ್ತು ಬಗ್ಗಿಸಿಕೊಂಡು, ತಲೆ ಇನ್ನೂ ಮಣ್ಣಿನಲ್ಲೇ ಇಟ್ಟುಕೊಂಡು, ಒಂದು ಸಸಿ ಏಳುತ್ತಿತ್ತು. ನಾನು ಅಲ್ಲೇ ಕುಕ್ಕರಗಾಲಲ್ಲಿ ಕೂತೆ. ಏಳಲು ಮನಸ್ಸೇ ಬರಲಿಲ್ಲ. ಸಂಜೆಯ ಹೊತ್ತಿಗೆ ಐದು ಎದ್ದಿದ್ದವು. ಒಂದೇ ಒಂದು ಹುಟ್ಟಲಿಲ್ಲ, ಬಹುಶಃ ನಾನು ಬಗೆದು ನೋಡಿದ್ದೇ ಅದು. ನಮ್ಮ ಫ್ಯಾಕ್ಟರಿಯಲ್ಲಿ ನಾನು ಇನ್‌ಸ್ಪೆಕ್ಷನ್ ಟೇಬಲ್ಲಿನವಳು. ಮಿಷಿನ್ನಿಂದ ಬಂದ ಪೀಸುಗಳಿಗೆ ಗೇಜ್ ಹಾಕಿ ಅಳತೆ ನೋಡಿ ಪಾಸೋ ರಿಜೆಕ್ಟೋ ಹೇಳುವುದು ನನ್ನ ಕೆಲಸ. ಅವತ್ತು ಪೀಸಿಗೊಂದು ಸಲ ಹೀರೆ ಸಸಿಯ ಮಾತೆತ್ತಿ ಪಕ್ಕದವಳಿಗೆ ತಲೆನೋವು ತಂದೆ. "ಹುಟ್ಟಿರೋದು ಎರಡೆಲೆ ಕಣೇ. ನೀನು ಆಡೋದು ನೋಡಿದ್ರೆ ಅವಳಿ ಜವಳಿ ಹೆತ್ತಂಗಿದೆ" ಎಂದಳು.

ಎರಡೆಲೆ ನಾಲ್ಕಾಗಲೇ ಇಲ್ಲ. ಹತ್ತು ದಿನಕ್ಕೆ ಅಂಚು ಹಳದಿಯಾಯಿತು. ನೀರು ಕಮ್ಮಿಯಾಯಿತೆಂದು ಹೆಚ್ಚು ಹಾಕಿದೆ, ಹೆಚ್ಚಾಯಿತೆಂದು ಬಿಟ್ಟೆ. ಬಿಸಿಲೆಂದು ನನ್ನ ಹಳೇ ದುಪ್ಪಟ್ಟ ಕಟ್ಟಿ ನೆರಳು ಮಾಡಿದೆ. ಒಂದೊಂದಾಗಿ ಬುಡದಲ್ಲೇ ಕಂದಿ ಮಲಗಿದವು. ಕೊನೆಯದು ಬಿದ್ದ ದಿನ ತಾರಸಿಯಲ್ಲೇ ಕೂತು ಅತ್ತೆ. ಬೇರೆಯವರ ಮನೆಯ ಸೊತ್ತು ಇಸಕೊಂಡು ಹಾಳು ಮಾಡಿದೆನಲ್ಲ, ಯಾವ ಮುಖ ಹೊತ್ತು ಕೆಳಗಿಳಿಯಲಿ ಎಂದು ನಾಚಿಕೆಯಾಯಿತು. ಎರಡು ದಿನ ಅಜ್ಜಿಯ ಕಣ್ಣಿಗೆ ಬೀಳದ ಹಾಗೆ ಓಡಾಡಿದೆ. ಹೊಸ್ತಿಲ ಮೇಲೇ ಕೂತವರ ಕಣ್ಣು ತಪ್ಪಿಸುವುದು ಎಷ್ಟು ದಿನ ಸಾಧ್ಯ?

"ಯಾಕ್ ತಾಯಿ, ಸಸಿ ಓದ್ವಾ?" ಎಂದು ಅವರೇ ಕೇಳಿದರು.

ತಲೆ ಆಡಿಸಿದೆ. ಬೈಯಲಿಲ್ಲ. "ಒಂದ್ ಇಡಿ ಮಣ್ ತಗೊಂಬಾ" ಎಂದರು. ತಂದುಕೊಟ್ಟೆ. ಅಂಗೈ ಮೇಲೆ ಹರವಿ ಮೂಗಿನ ಹತ್ತಿರ ತಂದವರು ತಟ್ಟನೆ ಮುಖ ಹಿಂದಕ್ಕೆ ತೆಗೆದರು. "ಇದೇನವ್ವ, ಮಿಸಿನ್ ಎಣ್ಣೆ ಗಬ್ಬು ಒಡೀತೈತೆ?"

ನಾನು ಮೂಸಿದೆ. ನನಗೇನೂ ಗೊತ್ತಾಗಲಿಲ್ಲ. ಕೆಲಸ ಮುಗಿಸಿ ಆಗಷ್ಟೇ ಬಂದ ನಮ್ಮ ಯಜಮಾನರಿಗೂ ಕೊಟ್ಟೆ. ಅವರೂ ಮೂಸಿ, "ಮಣ್ಣಿನ ವಾಸನೆ ಬರ್ತಿದೆ, ಇನ್ನೇನು?" ಎಂದರು. ಅಜ್ಜಿ ನಮ್ಮಿಬ್ಬರ ಮುಖವನ್ನೂ ನೋಡಿದರು. ಆಗ ಹೊಳೆಯಿತು. ಎಷ್ಟೋ ವರ್ಷದಿಂದ ದಿನಕ್ಕೆ ಎಂಟೊಂಬತ್ತು ಗಂಟೆ ಅದೇ ಎಣ್ಣೆಯ ಗಾಳಿ ಕುಡಿದು ನಮ್ಮ ಮೂಗಿಗೆ ಅದು ವಾಸನೆಯೇ ಅಲ್ಲದಂತಾಗಿತ್ತು. ನಮ್ಮ ಬಟ್ಟೆಯಲ್ಲಿ, ತಲೆದಿಂಬಿನಲ್ಲಿ, ಊಟದ ಡಬ್ಬಿಯಲ್ಲಿ ಅದೇ ಇದ್ದರೂ ನಮಗೆ ತಿಳಿಯುತ್ತಿರಲಿಲ್ಲ. ಕ್ಯಾನಿನ ಪ್ಲಾಸ್ಟಿಕ್ಕಿಗೆ ಹಿಡಿದ ಎಣ್ಣೆ ಸೋಪಿಗೆ ಬಿಡದೆ ಮಣ್ಣಿಗೆ ಇಳಿದು ಬೇರನ್ನು ಸುಟ್ಟಿತ್ತು. ಬೇರೆ ಯಾರೇ ಆಗಿದ್ದರೂ ಆ ಕ್ಯಾನು ಮೂಸಿ ಆಚೆಗೆ ಎಸೆಯುತ್ತಿದ್ದರು.

ನಾನು, "ತಪ್ಪಾಯ್ತು ಅಜ್ಜಿ" ಎಂದೆ.

ಅಜ್ಜಿ ಅಂಗೈಗೆ ಅಂಟಿದ್ದ ಮಣ್ಣನ್ನು ಕೊಡವಿಕೊಂಡರು. ಆಮೇಲೆ ಮೆಟ್ಟಿಲ ಕೆಳಗೆ ಕೈ ತೋರಿಸಿ, "ಆ ಬಾನಿ ಎತ್ಕೋ" ಎಂದರು. ಹಿಂದೆ ದನಗಳಿಗೆ ಕಲಗಚ್ಚು ಇಡುತ್ತಿದ್ದ ದೊಡ್ಡ ಮಣ್ಣಿನ ಬಾನಿ. ಈಗ ಅದರೊಳಗೆ ಪೊರಕೆ, ಹಳೇ ಚಪ್ಪಲಿ ತುಂಬಿದ್ದವು. "ಉಳ್ದಿರೋ ಐದೂ ಕೊಡ್ತೀನಿ. ಇಟ್ಕಂಡು ನಾನೇನ್ ಮಾಡ್ಲಿ, ಪೂಜೆನಾ? ಓದ್ರೆ ಓಗ್ಲಿ, ಮಣ್ಣಲ್ಲೇ ಓಗ್ಲಿ."

ಕೊಟ್ಟದ್ದಕ್ಕೆ ನನಗಾದದ್ದು ಸಂತೋಷವೋ ಭಯವೋ ತಿಳಿಯಲಿಲ್ಲ, ಎರಡೂ ಇದ್ದವು. ಈ ಐದು ಹೋದರೆ ಎಲ್ಲಿಂದಲೂ ತರುವಂತಿಲ್ಲ.

ಬಾನಿಯ ತಳಕ್ಕೆ ತೂತು ಬೇಕಿತ್ತು. ನಮ್ಮ ಯಜಮಾನರು ಭಾನುವಾರ ಡ್ರಿಲ್ ಮಿಷಿನ್ ತಂದರು. ಹಳೇ ಮಣ್ಣಿನ ಬಾನಿ, ಸ್ವಲ್ಪ ಒತ್ತಿದರೂ ಸೀಳು ಬಿಡುವುದು ಖಂಡಿತ. ಬೋರಲು ಹಾಕಿ, ತಳಕ್ಕೆ ಟೇಪು ಅಂಟಿಸಿ, ನನಗೆ ಒಂದು ಲೋಟ ನೀರು ಕೊಟ್ಟು, "ನಾನು ಕೊರೀತಾ ಇರ್ತೀನಿ, ನೀನು ಸಣ್ಣಗೆ ಹುಯ್ತಾ ಇರು, ಬಾಯಿ ಮಾತ್ರ ತೆಗೀಬೇಡ" ಎಂದರು. ನನ್ನ ಜೀವಮಾನದಲ್ಲಿ ಹತ್ತು ನಿಮಿಷ ಬಾಯಿ ಮುಚ್ಚಿಕೊಂಡಿದ್ದು ಅವತ್ತೊಂದೇ ದಿನ. ಮೂರು ತೂತೂ ಬಿದ್ದವು, ಬಾನಿ ಸೀಳಲಿಲ್ಲ. ಅವರು ಬೆವರು ಒರೆಸಿಕೊಂಡು ನಕ್ಕಾಗ ಎಷ್ಟು ಚೆನ್ನಾಗಿ ಕಂಡರೆಂದರೆ, ಮೂರು ಜನಕ್ಕಾಗುವಷ್ಟು ಉಪ್ಪಿಟ್ಟು ಮಾಡಿ ಅವರೊಬ್ಬರಿಗೇ ಬಡಿಸಿದೆ.

ಹೊಸ ಮಣ್ಣನ್ನು ಮೊದಲು ಅಜ್ಜಿಗೆ ಮೂಸಿ ನೋಡಲು ಕೊಟ್ಟೆ. ಅವರು ಪಾಸ್ ಮಾಡಿದ ಮೇಲೆಯೇ ಬಾನಿ ತುಂಬಿಸಿದ್ದು. ಅಷ್ಟು ಹೊತ್ತಿಗೆ ಜೂನ್ ಅರ್ಧ ಕಳೆದಿತ್ತು. ಐದರಲ್ಲಿ ಎರಡೇ ಹುಟ್ಟಿದವು. ಅದರಲ್ಲೊಂದನ್ನು ಗುಬ್ಬಿಯೋ ಮತ್ತೊಂದೋ ಕುಕ್ಕಿ ಹಾಕಿತು. ಉಳಿದದ್ದು ಒಂದು.

ಆ ಒಂದು ಎದ್ದ ಪರಿ ನೋಡಬೇಕಿತ್ತು. ಹದಿನೈದು ದಿನಕ್ಕೆ ಎಲೆ ಅಂಗೈಯಗಲ, ತಿಂಗಳಿಗೆ ಕುಡಿ ನನ್ನೆತ್ತರ. ಸಾಯಂಕಾಲ ಒಂದು ಕಡೆ ಇದ್ದ ಕುಡಿ ಬೆಳಗ್ಗೆಗೆ ಮೊಳ ಮುಂದೆ ಹೋಗಿರುತ್ತಿತ್ತು. ಟೇಬಲ್ಲಿನ ಚಾಳಿ ಬಿಡದೆ ಟೇಪು ಹಿಡಿದು ದಿನಾ ಅಳೆದೆ. ನಮ್ಮ ಕಡೆ ಎಲ್ಲ ಮನೆಗಳ ತಾರಸಿಯ ಮೇಲೂ, ಮುಂದೆ ಇನ್ನೊಂದು ಮಹಡಿ ಎಬ್ಬಿಸಲು ಬೇಕೆಂದು ಕಂಬದ ಕಬ್ಬಿಣದ ಸರಳುಗಳನ್ನು ಹಾಗೇ ಬಿಟ್ಟಿರುತ್ತಾರೆ. ಆ ಸರಳುಗಳಿಗೇ ದಾರ ಕಟ್ಟಿ ಚಪ್ಪರ ಮಾಡಿದೆವು. ನೀರಿಗೆ ಓನರ್ ಗೊಣಗಬಾರದೆಂದು ಅಕ್ಕಿ ತೊಳೆದದ್ದು, ಬೇಳೆ ತೊಳೆದದ್ದು, ಒಂದು ಹನಿ ಚೆಲ್ಲದೆ ಮೇಲಕ್ಕೆ ಹೊತ್ತೆ. ಅಜ್ಜಿಗೆ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಅದಕ್ಕೆ ನಾನೇ ದಿನಾ ಒಂದು ಎಲೆಯೋ ಕುಡಿಯೋ ಕೆಳಗೆ ತಂದು ತೋರಿಸುತ್ತಿದ್ದೆ. ಅವರು ತಿರುಗಿಸಿ ನೋಡಿ, "ಬೂದಿ ಉದುರ್ಸು" ಎಂದೋ "ಗೊಬ್ರ ಸಾಲ್ದು" ಎಂದೋ ಹೇಳುತ್ತಿದ್ದರು. ಹಗಲೆಲ್ಲ ನಾನು ಇನ್‌ಸ್ಪೆಕ್ಟರ್, ಸಾಯಂಕಾಲ ಅಜ್ಜಿ.

ಹೀರೆ ಹೂವು ಅರಳುವುದು ಸಾಯಂಕಾಲ ಎನ್ನುವುದು ನನಗೆ ಗೊತ್ತೇ ಇರಲಿಲ್ಲ. ಒಂದು ದಿನ ಕೆಲಸದಿಂದ ಬಂದು ಮೇಲೆ ಹೋದರೆ ಚಪ್ಪರದಲ್ಲಿ ಹಳದಿ ಹೂವುಗಳು ಆಗ ತಾನೆ ಬಿಚ್ಚಿಕೊಳ್ಳುತ್ತಿವೆ. ನಾನು ಮನೆಗೆ ಬರುವ ಹೊತ್ತಿಗೇ ಅರಳುವ ಹೂವು. ಹುಚ್ಚು ಹಿಡಿದವಳ ಹಾಗೆ ಒಬ್ಬಳೇ ನಗುತ್ತಾ ನಿಂತೆ. ಆದರೆ ಹೆಣ್ಣು ಹೂವಿನ ಬುಡದಲ್ಲಿದ್ದ ಕಿರುಬೆರಳಿನಷ್ಟು ಹೀಚುಗಳು ಎರಡು ದಿನಕ್ಕೆ ಹಳದಿಯಾಗಿ ಉದುರಿದವು. ಒಂದಲ್ಲ, ನಾಲ್ಕು. ಉದುರಿದವನ್ನು ಆರಿಸಿಕೊಂಡು ಕೆಳಗೆ ಅಜ್ಜಿಗೆ ತಂದು ತೋರಿಸಿದೆ.

"ದುಂಬಿ ಬರ್ತಾವೇನವ್ವ ಮೇಲೆ?" ಎಂದು ಅಜ್ಜಿ ಕೇಳಿದರು.

"ಈ ಪೀಣ್ಯದ ಹೊಗೆಗೆ ಯಾವ ದುಂಬಿ ಬರುತ್ತೆ ಅಜ್ಜಿ?"

"ಅಂಗಾರೆ ನೀನೇ ದುಂಬಿ ಆಗು. ಗಂಡು ಊವ ಕಿತ್ತು, ಪಕ್ಳೆ ತೆಗ್ದು, ಎಣ್ಣೂವಿನ ನಡುಮದ್ಯಕ್ಕೆ ಮೆಲ್ಲಕ್ ಮುಟ್ಸು. ಒತ್ಬೇಡ."

ನೂಲಿನಷ್ಟು ಹೆಚ್ಚುಕಡಿಮೆಯನ್ನೂ ಬೆರಳಲ್ಲೇ ಕಂಡುಹಿಡಿಯುವ ಕೈ ನನ್ನದು. ಮೂರು ಹೆಣ್ಣು ಹೂವಿಗೆ ಮುಟ್ಟಿಸಿದೆ. ನಾಲ್ಕನೇ ದಿನ ನೋಡಿದರೆ ಎರಡು ಹೀಚು ಉದುರದೆ ನಿಂತಿವೆ, ದಪ್ಪವೂ ಆಗಿವೆ. ಮೆಟ್ಟಿಲನ್ನು ಹೇಗಿಳಿದೆನೋ ನೆನಪಿಲ್ಲ. "ನಿಂತ್ವು ಅಜ್ಜಿ, ನಿಂತ್ವು" ಎಂದು ಕೂಗಿಕೊಂಡೇ ಬಂದೆ. ಬೀದಿಯಲ್ಲಿ ಹೋಗುತ್ತಿದ್ದವರು ಏನಾಯಿತೋ ಎಂದು ತಿರುಗಿ ನೋಡಿದರು. ಅಜ್ಜಿ ನನ್ನ ಕೈ ಹಿಡಿದುಕೊಂಡು ತುಂಬಾ ಹೊತ್ತು ಬಿಡಲೇ ಇಲ್ಲ.

ಮೊದಲ ಕಾಯಿ ಗೇಣುದ್ದವಾದಾಗ ನನ್ನ ಬಾಯಲ್ಲಿ ನೀರು. ಬಜ್ಜಿಗೆ ಕಡ್ಲೆಹಿಟ್ಟೂ ತಂದಿಟ್ಟಿದ್ದೆ. ಅಜ್ಜಿ, "ಅದನ್ ಮುಟ್ಬೇಡ" ಎಂದರು. "ಬುಡದ್ ಕಾಯಿ ಬೀಜಕ್ಕೆ, ತುದೀದ್ ಒಟ್ಟೆಗೆ." ಬುಡಕ್ಕೆ ಹತ್ತಿರ ಬಿಟ್ಟ ಮೊದಲ ಕಾಯಿ ಗಟ್ಟಿಮುಟ್ಟಾಗಿರುತ್ತದಂತೆ, ಅದನ್ನು ಬಳ್ಳಿಯಲ್ಲೇ ಒಣಗಲು ಬಿಡಬೇಕಂತೆ. ಆಮೇಲಿನವನ್ನು ತಿಂದೆವು. ತಿಂದದ್ದು ಒಟ್ಟು ಐದು ಕಾಯಿ ಅಷ್ಟೇ. ತಿರುಳಿನ ಹುಳಿ, ಸಿಪ್ಪೆಯ ಚಟ್ನಿ. ಕಹಿಯ ಸುಳಿವೇ ಇಲ್ಲ, ಒಂದು ಬಗೆಯ ಸಿಹಿ. ಚಟ್ನಿಯನ್ನು ಅಜ್ಜಿಗೆ ಕೊಟ್ಟಾಗ ಮುದ್ದೆಗೆ ಹಚ್ಚಿಕೊಂಡು ತಿಂದು, ಬಟ್ಟಲನ್ನೂ ಬೆರಳಲ್ಲಿ ಬಳಿದು, "ಇದೇ ಕಣವ್ವ" ಎಂದರು.

ಇಷ್ಟೆಲ್ಲ ಆಗುವಾಗ ಓನರ್ ಒಂದು ದಿನ ಮೇಲೆ ಬಂದರು. ಕೆಟ್ಟವರೇನಲ್ಲ. ನೀರು ಬಿಡುವ ಹೊತ್ತು, ಬೈಕು ನಿಲ್ಲಿಸುವ ಜಾಗ, ಇಂಥವಕ್ಕೆ ನನಗೂ ಅವರಿಗೂ ತಿಂಗಳಿಗೊಂದು ಸಲ ಜಗಳ ಆಗುತ್ತಿತ್ತು. ಸರಳುಗಳ ಸುತ್ತ ಹಬ್ಬಿದ್ದ ಬಳ್ಳಿ ನೋಡಿ, "ಏನಮ್ಮ ಇದು, ತೋಟ ಮಾಡ್ಬಿಟ್ಟಿದೀರಲ್ಲ. ಆಷಾಢ ಮುಗೀತು, ಮೇಲಿನ ಮನೆ ಕೆಲಸ ಶುರು ಮಾಡ್ಸ್ತೀನಿ. ಈ ವಾರದಲ್ಲಿ ತೆಗೆದುಬಿಡಿ" ಎಂದರು.

"ತೆಗೆಯಲ್ಲ" ಎಂದೆ.

ಬೇರೆ ರೀತಿಯಲ್ಲಿ ಹೇಳಬಹುದಿತ್ತು. ಆದರೆ ನಾನು ಹೇಳಿದ್ದು ಹಾಗೆ. ಓನರ್ ಹುಬ್ಬು ಮೇಲೇರಿತು. "ತಾರಸಿ ಯಾರ್ದಮ್ಮ?" ಎಂದರು. "ಬಳ್ಳಿ ಯಾರ್ದು ಅಂತ ಕೇಳಿ ಮೊದ್ಲು" ಎಂದೆ. ಮಾತಿಗೆ ಮಾತು ಬೆಳೆಯಿತು. "ತೆಗೆಯಲ್ವಾ, ಬೇರೆ ಮನೆ ನೋಡ್ಕೊಳ್ಳಿ" ಎನ್ನುವವರೆಗೂ ಹೋಯಿತು. ನಮ್ಮ ಯಜಮಾನರು ಹಿಂದಿನಿಂದ ನನ್ನ ಕೈ ಎಳೆಯುತ್ತಲೇ ಇದ್ದರು. ಅಷ್ಟರಲ್ಲಿ ಮೆಟ್ಟಿಲಲ್ಲಿ ಏದುಸಿರು ಕೇಳಿಸಿತು. ಮೂವರೂ ತಿರುಗಿದೆವು. ಗೋಡೆ ಹಿಡಿದು, ಒಂದೊಂದು ಮೆಟ್ಟಿಲಿಗೂ ನಿಂತು, ಅಜ್ಜಿ ಹತ್ತಿ ಬರುತ್ತಿದ್ದರು.

ತಾರಸಿಗೆ ಬಂದವರು ಮಗನ ಕಡೆ ನೋಡಲೂ ಇಲ್ಲ. ನೇರವಾಗಿ ಚಪ್ಪರದ ಕೆಳಗೆ ಹೋಗಿ, ಎಲೆ ಸರಿಸಿ, ಬೀಜಕ್ಕೆ ಬಿಟ್ಟ ಕಾಯಿಯನ್ನು ಕೆಳಗಿಂದ ಅಂಗೈಯಲ್ಲಿ ಎತ್ತಿ ಹಿಡಿದರು. ಉಸಿರು ಹದಕ್ಕೆ ಬಂದ ಮೇಲೆ, "ಇದು ನಿಮ್ಮಜ್ಜಿ ಬೀಜ ಕಣೋ. ಇದೊಂದೇ ಉಳ್ದಿರೋದು. ಒಲ ಮಾರ್ದೆ, ನಾನ್ ಮಾತಾಡ್ಲಿಲ್ಲ. ಇತ್ಲ ಮುಚ್ಚಿ ಮನೆ ಕಟ್ದೆ, ಮಾತಾಡ್ಲಿಲ್ಲ. ಈ ಕಾಯಿ ಒಣಗೋ ಗಂಟ ಒಂದ್ ಇಟ್ಗೆ ಮೇಲಕ್ ಬರ್ಕೂಡ್ದು" ಎಂದರು.

ಓನರ್ ಇಳಿದು ಹೋದರು. ಅಜ್ಜಿಯನ್ನು ಕೆಳಗಿಳಿಸಲು ನಮಗಿಬ್ಬರಿಗೂ ಅರ್ಧ ಗಂಟೆ ಹಿಡಿಯಿತು.

ಅಲ್ಲಿಂದ ಮುಂದೆ ಒಂದೂವರೆ ತಿಂಗಳು ಕಾವಲು. ಗಾಳಿ ಬಂದರೆ ಭಯ, ಮಳೆ ಬಂದರೆ ಕೊಳೆತೀತೆಂಬ ಭಯ. ಜೋರು ಮಳೆಯ ಒಂದು ಮಧ್ಯಾಹ್ನ ಅರ್ಧ ದಿನ ಪರ್ಮಿಷನ್ ಕೇಳಿ ಓಡಿ ಬಂದು ಕಾಯಿಗೆ ಪ್ಲಾಸ್ಟಿಕ್ ಚೀಲದ ಕೊಡೆ ಕಟ್ಟಿದೆ. ಹಸಿರು ಹೋಗಿ ಹಳದಿಯಾಯಿತು, ಹಳದಿ ಹೋಗಿ ಕಂದು ಹತ್ತಿತು. ದಿನಾ ಅದನ್ನು ನೋಡುವುದೇ ನನಗೊಂದು ಹಬ್ಬ. ಗೌರಿ ಗಣೇಶ ಬಂದು ಹೋಯಿತು. ಹಬ್ಬದ ಮೂರನೇ ದಿನ ಓನರ್ ಮೇಸ್ತ್ರಿಯನ್ನು ಕರೆದುಕೊಂಡು ಮೇಲೆ ಬಂದರು. ಮೇಸ್ತ್ರಿಯ ಕೈಯಲ್ಲಿ ಟೇಪು, ದಾರ, ಸುಣ್ಣದ ಪುಡಿ. ನಾನು ಬಟ್ಟೆ ಒಣಹಾಕುತ್ತಿದ್ದವಳು ಬಕೆಟ್ಟು ಬಿಟ್ಟು ಚಪ್ಪರಕ್ಕೆ ಅಡ್ಡ ನಿಂತೆ. ಇವತ್ತು ಮನೆ ಹೋದರೂ ಸರಿ, ಬಿಡುವುದಿಲ್ಲ ಎಂದು ಹಲ್ಲು ಕಚ್ಚಿದ್ದೆ.

ಓನರ್ ನನ್ನ ಪಕ್ಕದಿಂದ ಹಾದು ಚಪ್ಪರದೊಳಗೆ ಹೋದರು. ಕಾಯಿಯನ್ನು ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿದರು. ತೊಟ್ಟನ್ನು ಉಗುರಿನಿಂದ ಮುಟ್ಟಿ ನೋಡಿದರು. ಕಿವಿಯನ್ನು ಹತ್ತಿರ ತಂದು, ಬಳ್ಳಿಗೆ ನೋವಾಗದಷ್ಟು ಅಲ್ಲಾಡಿಸಿದರು.

"ತೊಟ್ಟಲ್ಲಿ ಇನ್ನೂ ಹಸಿ ಇದೆ. ಈಗ ಕಿತ್ರೆ ಬೀಜ ಬಿಳಚ್ಕೊಂಡ್ ಹೋಗ್ತವೆ" ಎಂದರು. ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ ಗೊತ್ತಾಗಲಿಲ್ಲ. ಆಮೇಲೆ ಮೇಸ್ತ್ರಿಯ ಕಡೆ ತಿರುಗಿ, "ಇನ್ನು ಹತ್ ದಿನ ಬಿಟ್ ಬಾರಪ್ಪ" ಎಂದರು.

ನಾನು ಬಾಯಿ ಬಿಟ್ಟುಕೊಂಡು ನಿಂತೆ. ಇಷ್ಟು ದಿನ ಈ ಮನುಷ್ಯ ಸೈಟು, ಬಾಡಿಗೆ, ಬೋರ್‌ವೆಲ್ ಬಿಟ್ಟರೆ ಬೇರೇನೂ ಅರಿಯದವರೆಂದು ತಿಳಿದಿದ್ದೆ. ಆ ಬೆರಳು ಕಾಯಿಯನ್ನು ಒತ್ತಿದ ರೀತಿ ನೋಡಿದ ಮೇಲೆ ಅವರ ಮೇಲೆ ಕೋಪ ಮಾಡಿಕೊಳ್ಳಲು ನನ್ನಿಂದ ಆಗಲಿಲ್ಲ.

ಹತ್ತು ದಿನವಲ್ಲ, ಹನ್ನೆರಡಾಯಿತು. ಭಾನುವಾರ ಬೆಳಗ್ಗೆ ತೊಟ್ಟು ಮುರಿದು ಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಇಳಿದೆ. ಹಗುರವಾಗಿತ್ತು, ಹೆಜ್ಜೆ ಹೆಜ್ಜೆಗೂ ಸದ್ದು ಮಾಡುತ್ತಿತ್ತು. ನಮ್ಮ ಯಜಮಾನರೂ ಹಿಂದೆಯೇ ಬಂದರು. ಅಜ್ಜಿ ಹೊಸ್ತಿಲಲ್ಲಿ ಮೊರ ಇಟ್ಟುಕೊಂಡು ಕಾಯುತ್ತಿದ್ದರು. ಓನರ್ ಕಾಫಿ ಲೋಟ ಹಿಡಿದು ಬಾಗಿಲಿಗೆ ಒರಗಿ ನಿಂತಿದ್ದರು. ಅಜ್ಜಿ ಕಾಯಿಯ ತುದಿಯ ಮುಚ್ಚಳವನ್ನು ಹೆಬ್ಬೆರಳಲ್ಲಿ ಒತ್ತಿದರು. ಟಕ್ಕೆಂದು ಬಿಟ್ಟಿತು. ಬೋರಲು ಮಾಡಿ ಬಡಿದರು. ಕರೀ ಬೀಜ ಮೊರದ ತುಂಬಾ ಸುರಿದವು. ನೀರಿಗೆ ಹಾಕಿದರೆ ಏಳೆಂಟು ತೇಲಿದವು, ಉಳಿದವೆಲ್ಲ ಕಲ್ಲಿನ ಹಾಗೆ ತಳ ಸೇರಿದವು. ಎಪ್ಪತ್ತಕ್ಕೂ ಹೆಚ್ಚಿದ್ದವು. ನಾನು ನಗುತ್ತಲೂ ಇದ್ದೆ, ಕಣ್ಣೊರೆಸಿಕೊಳ್ಳುತ್ತಲೂ ಇದ್ದೆ.

ಅಜ್ಜಿ ಎಲ್ಲವನ್ನೂ ಬಟ್ಟೆಯಲ್ಲಿ ಒರೆಸಿ, ಮೊರವನ್ನು ನನ್ನ ಮಡಿಲಿಗೆ ಇಟ್ಟರು.

ಓನರ್ ಲೋಟ ಕೆಳಗಿಟ್ಟರು. "ಅವ್ವ, ನಂಗೂ ಒಂದ್ ನಾಲ್ಕ್ ಕೊಡು. ಮೇಲೆ ಮನೆ ಎದ್ಮೇಲೆ ಅದ್ರ ಮೇಲೂ ತಾರಸಿ ಇದ್ದೇ ಇರುತ್ತಲ್ಲ."

"ನನ್ನ್ಯಾಕ್ ಕೇಳ್ತೀಯ?" ಎಂದರು ಅಜ್ಜಿ. "ಬೆಳ್ದೋಳು ಅವ್ಳು. ಬೀಜ ಅವ್ಳದು. ಅವ್ಳನ್ನ ಕೇಳು."

ಓನರ್ ನನ್ನ ಮುಂದೆ ಬಂದು, ನೆಲದ ಮೇಲೆ ಕೂತು, ಎರಡೂ ಕೈ ಜೋಡಿಸಿ ಬೊಗಸೆ ಒಡ್ಡಿದರು. "ನಾಲ್ಕ್ ಕೊಡಿ ಅಕ್ಕ" ಎಂದರು.

ನಾಲ್ಕು ಕೇಳಿದವರಿಗೆ ಹತ್ತು ಎಣಿಸಿ ಹಾಕಿದೆ. ಆರು ಹೋದರೂ ನಾಲ್ಕು ಉಳಿಯಲಿ ಎಂದು.